ಗಂಟೆಗೋಪುರದ ನೆರಳಿನ ಊರುಗಳು

ಇಟಲಿಯ ಭಾಷೆಯಲ್ಲಿ ‘ಪಯೇಸೆ’ ಎಂಬ ಮಾತಿದೆ. ದೇಶಕ್ಕೂ ಅದೇ ಮಾತು, ಊರಿಗೂ ಅದೇ ಮಾತು. ರೋಮ್‌ನಲ್ಲಿ ಕುಳಿತ ಮಂತ್ರಿ ಇಡೀ ಇಟಲಿಯನ್ನು ‘ನಮ್ಮ ಪಯೇಸೆ’ ಎನ್ನುತ್ತಾರೆ. ಬೆಟ್ಟದ ನೆತ್ತಿಯಲ್ಲಿ ಇನ್ನೂರು ಮನೆಗಳಿರುವ ಹಳ್ಳಿಯ ಅಜ್ಜಿ ತನ್ನ ಹಳ್ಳಿಯನ್ನೂ ಹಾಗೆಯೇ ಕರೆಯುತ್ತಾಳೆ. ಕನ್ನಡದವರಿಗೆ ಇದು ತೀರ ಹೊಸದಲ್ಲ. ಕರ್ನಾಟಕವೂ ನಮಗೆ ನಾಡು, ಕೊಡಗಿನಲ್ಲಿ ಕೆಲವು ಊರುಗಳು ಸೇರಿದರೂ ನಾಡು. ಇಟಲಿಗೆ ಮೊದಲ ಸಲ ಹೊರಟವರು ಒಂದೇ ಒಂದು ಮಾತು ಕಲಿತು ವಿಮಾನ ಹತ್ತುವುದಾದರೆ ನಾನು ಇದನ್ನೇ ಕಲಿಸುತ್ತೇನೆ. ಕೊಲೋಸಿಯಂ, ವಾಲಿದ ಪೀಸಾ ಗೋಪುರ, ವೆನಿಸ್ಸಿನ ಕಾಲುವೆಗಳು ನೋಡಲೇಬೇಕಾದವು, ನಿಜ. ಆದರೆ ಅವುಗಳ ಸುತ್ತ ಬದುಕುವ ಜನ ಏನನ್ನು ತಿನ್ನುತ್ತಾರೆ, ಯಾವಾಗ ಬಾಗಿಲು ಹಾಕುತ್ತಾರೆ, ಯಾರ ಮೇಲೆ ಸಿಟ್ಟಾಗುತ್ತಾರೆ, ಯಾವ ದಿನ ರಜೆ ಮಾಡುತ್ತಾರೆ ಎಂಬುದೆಲ್ಲ ಊರನ್ನು ಹಿಡಿದು ನಡೆಯುತ್ತದೆ. ದೇಶ ಆಮೇಲೆ ಬಂದದ್ದು.

ಪ್ರತಿ ಊರಿನ ನಡುವೆ ಚರ್ಚು, ಚರ್ಚಿನ ಪಕ್ಕದಲ್ಲಿ ಗಂಟೆಗೋಪುರ. ಅದಕ್ಕೆ ‘ಕಂಪನೀಲೆ’ ಎನ್ನುತ್ತಾರೆ. ಹೊಲದಲ್ಲಿದ್ದವರಿಗೆ ಹೊತ್ತು ತಿಳಿಸುತ್ತಿದ್ದುದು, ಬೆಂಕಿ ಬಿದ್ದರೆ ಕೂಗಿ ಕರೆಯುತ್ತಿದ್ದುದು, ಯಾರೋ ತೀರಿಕೊಂಡರೆಂದು ಸಾರುತ್ತಿದ್ದುದು ಆ ಗಂಟೆ. ಅದರ ಸದ್ದು ಎಲ್ಲಿಯವರೆಗೆ ಕೇಳಿಸುತ್ತದೋ ಅಲ್ಲಿಯವರೆಗೆ ನಮ್ಮೂರು. ಊರಿನ ಮೇಲಿನ ಅಭಿಮಾನಕ್ಕೆ, ಪಕ್ಕದೂರಿನ ಮೇಲಿನ ಹಳೆಯ ಮುನಿಸಿಗೆ ಇಟಲಿಯವರು ಆ ಗೋಪುರದ ಹೆಸರಿನಿಂದಲೇ ‘ಕಂಪನಿಲಿಸ್ಮೊ’ ಎಂಬ ಪದ ಕಟ್ಟಿಕೊಂಡಿದ್ದಾರೆ. ಗಂಟೆಗೋಪುರದ ಮೋಹ ಎನ್ನಬಹುದು.

ಚರಿತ್ರೆ ನೋಡಿದರೆ ಈ ಮೋಹಕ್ಕೆ ಕಾರಣ ತಿಳಿಯುತ್ತದೆ. ಇಟಲಿ ಎಂಬ ರಾಜ್ಯ ಘೋಷಣೆಯಾದದ್ದು 1861ರ ಮಾರ್ಚ್ 17ರಂದು. ವೆನಿಸ್ ಸೇರಿದ್ದು 1866ರಲ್ಲಿ, ರೋಮ್ 1870ರಲ್ಲಿ. ಅದಕ್ಕೂ ಮೊದಲು ಆ ನೆಲದಲ್ಲಿ ಇದ್ದದ್ದು ನೇಪಲ್ಸಿನ ರಾಜ್ಯ, ಪೋಪರ ಆಡಳಿತದ ಸೀಮೆ, ಆಸ್ಟ್ರಿಯಾದ ಕೈಕೆಳಗಿನ ಪ್ರಾಂತ್ಯಗಳು, ಸಣ್ಣ ದೊಡ್ಡ ಪಾಳೆಯಪಟ್ಟುಗಳು. ಒಂದು ಪಟ್ಟಣದಿಂದ ಇನ್ನೊಂದಕ್ಕೆ ಹೋದರೆ ನಾಣ್ಯ ಬೇರೆ, ಅಳತೆ ಬೇರೆ, ಸುಂಕ ಬೇರೆ. ಎರಡನೆಯ ಮಹಾಯುದ್ಧದ ನಂತರ, 1946ರ ಜೂನ್ 2ರಂದು ಜನ ಮತ ಹಾಕಿ ರಾಜನನ್ನು ಬಿಟ್ಟು ಗಣರಾಜ್ಯವನ್ನು ಆರಿಸಿಕೊಂಡರು. ಹೆಂಗಸರು ಇಡೀ ದೇಶದ ಮಟ್ಟದಲ್ಲಿ ಮತ ಹಾಕಿದ್ದೂ ಅಂದೇ ಮೊದಲು. ಈಗ ಇಪ್ಪತ್ತು ಪ್ರಾಂತ್ಯಗಳಿವೆ, ಸುಮಾರು 7,900 ಪುರಸಭೆಗಳಿವೆ. ಜನಸಂಖ್ಯೆ ಆರು ಕೋಟಿಗೆ ಸ್ವಲ್ಪ ಕಡಿಮೆ. ನಮ್ಮ ಕರ್ನಾಟಕಕ್ಕಿಂತಲೂ ಕಡಿಮೆಯೇ.

ಭಾಷೆಯ ಕಥೆ ಇನ್ನೂ ವಿಚಿತ್ರ. ಭಾಷಾಶಾಸ್ತ್ರಜ್ಞ ತುಲ್ಲಿಯೊ ದೆ ಮೌರೊ ಅವರ ಲೆಕ್ಕದಲ್ಲಿ, ದೇಶ ಒಂದಾದ 1861ರಲ್ಲಿ ಇಟಾಲಿಯನ್ ಭಾಷೆ ಆಡಬಲ್ಲವರು ನೂರಕ್ಕೆ ಎರಡೂವರೆ ಮಂದಿ. ಬೇರೆ ವಿದ್ವಾಂಸರು ಅದನ್ನು ಹತ್ತರ ಹತ್ತಿರಕ್ಕೆ ಒಯ್ಯುತ್ತಾರೆ. ಹೇಗೆ ಎಣಿಸಿದರೂ ತೊಂಬತ್ತು ಮಂದಿ ಮನೆಯಲ್ಲಿ ಆಡುತ್ತಿದ್ದುದು ಸಿಸಿಲಿಯದೋ ವೆನಿಸ್ಸಿನದೋ ನೇಪಲ್ಸಿನದೋ ಮಾತು. ಇವು ಇಟಾಲಿಯನ್ ಕೆಟ್ಟು ಆದವುಗಳಲ್ಲ, ಲ್ಯಾಟಿನ್ ಎಂಬ ಒಬ್ಬ ತಾಯಿಗೆ ಹುಟ್ಟಿದ ಅಕ್ಕತಂಗಿಯರು. ಅವರಲ್ಲಿ ಫ್ಲಾರೆನ್ಸಿನ ಮಾತಿಗೆ ಡಾಂಟೆ ಎಂಬ ಕವಿ ಸಿಕ್ಕಿದ್ದರಿಂದ ಅದು ಬರಹದ ಪಟ್ಟಕ್ಕೇರಿತು. 1302ರಲ್ಲಿ ಫ್ಲಾರೆನ್ಸ್ ಅವನನ್ನು ಗಡೀಪಾರು ಮಾಡಿತ್ತು, 1321ರಲ್ಲಿ ಅವನು ಸತ್ತದ್ದು ರವೆನ್ನಾದಲ್ಲಿ. ಮೂಳೆಗಳನ್ನು ಕೊಡಿ ಎಂದು ಫ್ಲಾರೆನ್ಸಿನವರು ಆಮೇಲೆ ಕೇಳಿದರೂ ರವೆನ್ನಾದವರು ಕೊಡಲಿಲ್ಲ, ಇಂದಿಗೂ ಅಲ್ಲಿಯೇ ಇವೆ. ಬರಹದ ಭಾಷೆ ಮನೆಮನೆಯ ಬಾಯಿಗೆ ಬರಲು ಮಾತ್ರ ಟಿವಿ ಬರಬೇಕಾಯಿತು. 1954ರ ಜನವರಿ 3ರಂದು ಸರ್ಕಾರಿ ಟಿವಿ ಶುರುವಾಯಿತು. 1960ರಿಂದ 1968ರವರೆಗೆ ಅಲ್ಬೆರ್ತೊ ಮಾನ್ಸಿ ಎಂಬ ಶಾಲಾ ಮೇಷ್ಟ್ರು ಸಂಜೆ ಹೊತ್ತು ತೆರೆಯ ಮೇಲೆ ಬಂದು, ಇದ್ದಿಲ ಕಡ್ಡಿಯಿಂದ ದೊಡ್ಡ ಹಾಳೆಯಲ್ಲಿ ಚಿತ್ರ ಬರೆಯುತ್ತಾ, ಓದು ಬರಹ ಬಾರದ ದೊಡ್ಡವರಿಗೆ ಅಕ್ಷರ ಕಲಿಸಿದರು. ಬೇಸಾಯಗಾರರು, ಕೂಲಿಯವರು, ಅಜ್ಜಿಯರು ಬೆಂಚಿನ ಮೇಲೆ ಸಾಲಾಗಿ ಕುಳಿತು ಕಲಿತರು. ಇಟಲಿಯನ್ನು ಒಂದು ಮಾಡಿದವರು ಯಾರು ಎಂದು ಕೇಳಿದರೆ ಸೇನಾನಿ ಗ್ಯಾರಿಬಾಲ್ಡಿಯ ಪಕ್ಕದಲ್ಲಿ ನಾನು ಈ ಮೇಷ್ಟ್ರ ಹೆಸರನ್ನೂ ಇಡುತ್ತೇನೆ.

ಹೊರಗಿನಿಂದ ಹೋದವರಿಗೆ ಆ ಭಾಷೆಯ ಐದಾರು ಮಾತು ಬಂದರೂ ಬಾಗಿಲು ತೆರೆಯುತ್ತದೆ. ಅಂಗಡಿಗೆ ಕಾಲಿಟ್ಟ ಕೂಡಲೇ ‘ಬ್ವೊನ್ ಜೋರ್ನೊ’ ಎನ್ನಬೇಕು. ಹೊತ್ತು ಇಳಿದ ಮೇಲೆ ‘ಬ್ವೊನಾ ಸೇರಾ’. ಮಾತಾಡಿಸದೆ ನೇರವಾಗಿ ಸಾಮಾನು ಮುಟ್ಟಿ ನೋಡುವುದು ಅವರಿಗೆ ಒರಟಾಗಿ ಕಾಣುತ್ತದೆ, ನಮ್ಮಲ್ಲಿ ಯಾರದೋ ಮನೆಗೆ ಹೋಗಿ ಮಾತಿಲ್ಲದೆ ಅಡುಗೆಮನೆಗೆ ನುಗ್ಗಿದ ಹಾಗೆ. ಎಲ್ಲರಿಗೂ ಗೊತ್ತಿರುವ ‘ಚಾವ್’ ಸ್ನೇಹಿತರಿಗೆ, ಮಕ್ಕಳಿಗೆ ಮಾತ್ರ. ಹಿರಿಯರಿಗೆ, ಅಪರಿಚಿತರಿಗೆ ಅದು ಸಲ್ಲದು. ವೆನಿಸ್ಸಿನ ಮಾತಿನಲ್ಲಿ ‘ನಾನು ನಿಮ್ಮ ಸೇವಕ’ ಎಂಬ ಅತಿ ವಿನಯದ ನುಡಿಯಿಂದ ಹುಟ್ಟಿದ ಈ ಪದ ಸವೆದು ಸವೆದು ಸಲಿಗೆಯ ಪದವಾಗಿದೆ. ನೀನು, ನೀವು ಎಂಬ ಭೇದ ಅಲ್ಲಿಯೂ ಇದೆ. ಸಲಿಗೆಗೆ ‘ತೂ’, ಗೌರವಕ್ಕೆ ‘ಲೇಯ್’. ಈ ‘ಲೇಯ್’ ಎಂಬುದಕ್ಕೆ ‘ಅವಳು’ ಎಂಬ ಅರ್ಥವೂ ಉಂಟು. ಎದುರಿಗಿರುವವರನ್ನು ನೇರವಾಗಿ ಸಂಬೋಧಿಸದೆ ಪಕ್ಕದಿಂದ ಸಂಬೋಧಿಸುವ ಆ ಸಂಕೋಚ ‘ತಾವು’ ಎನ್ನುವ ನಮಗೆ ಬೇಗ ಅರ್ಥವಾಗುತ್ತದೆ. ನನಗೆ ತುಂಬ ಹಿಡಿಸಿದ್ದು ‘ಪೆರ್ಮೆಸ್ಸೊ’. ಯಾರಾದರೂ ಮನೆಗೆ ಕರೆದು, ಬಾಗಿಲು ತೆರೆದು, ಬನ್ನಿ ಎಂದರೂ ಹೊಸ್ತಿಲಲ್ಲಿ ಒಂದು ಕ್ಷಣ ನಿಂತು ‘ಪೆರ್ಮೆಸ್ಸೊ?’ ಎಂದು ಅಪ್ಪಣೆ ಕೇಳಿಯೇ ಒಳಗೆ ಕಾಲಿಡುತ್ತಾರೆ.

ಇನ್ನು ಕಾಫಿ. ಇಟಲಿಯಲ್ಲಿ ‘ಬಾರ್’ ಎಂದರೆ ಹೆಂಡದಂಗಡಿ ಅಲ್ಲ. ಬೆಳಗ್ಗೆ ಕಾಫಿ, ತಿಂಡಿ, ಮಧ್ಯಾಹ್ನ ರೊಟ್ಟಿ, ಸಂಜೆ ಪಾನೀಯ, ಎಲ್ಲ ಹೊತ್ತಿನಲ್ಲೂ ಊರಿನ ಸುದ್ದಿ ಸಿಗುವ ತಾಣ ಅದು. ಗಾಂಧಿ ಬಜಾರಿನ ದರ್ಶಿನಿಯಲ್ಲಿ ನಿಂತು ಕಾಫಿ ಹೀರಿ ಹೊರಡುವವರಿಗೆ ಅಲ್ಲಿ ಹೊಸದಾಗಿ ಕಲಿಯುವುದೇನೂ ಇಲ್ಲ. ಕಟ್ಟೆಯ ಮುಂದೆ ನಿಲ್ಲುತ್ತಾರೆ, ‘ಉನ್ ಕಫೆ’ ಎನ್ನುತ್ತಾರೆ, ಬೆರಳುದ್ದದ ಬಟ್ಟಲಲ್ಲಿ ಎರಡು ಗುಟುಕು ಬರುತ್ತದೆ, ಎರಡು ನಿಮಿಷದಲ್ಲಿ ಹೊರಗೆ. ಕೆಲವು ಕಡೆ ಮೊದಲು ಗಲ್ಲಾದಲ್ಲಿ ದುಡ್ಡು ಕೊಟ್ಟು ಚೀಟಿ ತರಬೇಕು. ನಿಂತು ಕುಡಿದರೆ ಒಂದು ಬೆಲೆ, ಮೇಜಿಗೆ ತರಿಸಿದರೆ ಇನ್ನೊಂದು. ಪ್ರವಾಸಿಗಳ ಚೌಕದಲ್ಲಿ ಆ ಎರಡನೆಯ ಬೆಲೆ ಮೂರು ನಾಲ್ಕು ಪಟ್ಟು ಆಗಬಹುದು. ‘ಲಾಟೆ’ ಎಂದು ಕೇಳಿದರೆ ಬರಿಯ ಹಾಲು ಬರುತ್ತದೆ, ಏಕೆಂದರೆ ಅದರ ಅರ್ಥವೇ ಹಾಲು. ಹಾಲು ಬೆರೆತ ಕಪುಚಿನೊ ಬೆಳಗಿನ ಹೊತ್ತಿನದು. ಊಟದ ಮೇಲೆ ಅಷ್ಟು ಹಾಲು ಕುಡಿದರೆ ಹೊಟ್ಟೆ ಭಾರ ಎಂದು ಅವರ ನಂಬಿಕೆ. ನೇಪಲ್ಸಿನಲ್ಲಿ ಒಂದು ಹಳೆಯ ಪದ್ಧತಿ ಇದೆ. ಕೈಯಲ್ಲಿ ಕಾಸಿದ್ದವರು ಒಂದು ಕಾಫಿ ಕುಡಿದು ಎರಡರ ದುಡ್ಡು ಕೊಟ್ಟು ಹೋಗುತ್ತಾರೆ. ಆಮೇಲೆ ಕಾಸಿಲ್ಲದ ಯಾರೋ ಬಂದು ‘ತೂಗುಬಿಟ್ಟ ಕಾಫಿ ಇದೆಯೇ’ ಎಂದು ಕೇಳಿದರೆ ಅದು ಅವರಿಗೆ. ಕೊಟ್ಟವರು ಯಾರು, ಕುಡಿದವರು ಯಾರು ಎಂಬುದು ಇಬ್ಬರಿಗೂ ತಿಳಿಯುವುದಿಲ್ಲ.

ಈ ಬಟ್ಟಲಿನಲ್ಲಿ ನಮ್ಮ ಪಾಲೂ ಇದೆ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಬಹಳ ವರ್ಷಗಳಿಂದ ಇಟಲಿಯೇ. ಭಾರತದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ. ಎಸ್ಪ್ರೆಸೊದ ಮೇಲೆ ಕಟ್ಟುವ ಕಂದು ನೊರೆಗೆ, ಅದರ ಮೈಕಟ್ಟಿಗೆ ಒಳ್ಳೆಯ ರೊಬಸ್ಟಾ ಬೇಕು. ತೊಳೆದು ಹದ ಮಾಡಿದ ನಮ್ಮ ರೊಬಸ್ಟಾಕ್ಕೆ ಅಲ್ಲಿನ ಹುರಿಯುವವರಲ್ಲಿ ಒಳ್ಳೆಯ ಹೆಸರಿದೆ. ನೇಪಲ್ಸಿನ ಬಾರ್‌ನಲ್ಲಿ ನಿಂತ ಕನ್ನಡಿಗನ ಬಾಯಲ್ಲಿ ಸೋಮವಾರಪೇಟೆಯ ತೋಟದ ಬೀಜವೇ ಇರಬಹುದು. ಮನೆಯ ಕಾಫಿ ಬೇರೆ. ನಮ್ಮಲ್ಲಿ ಹಿತ್ತಾಳೆಯ ಫಿಲ್ಟರ್ ಇದ್ದಂತೆ ಅಲ್ಲಿ ಪ್ರತಿ ಅಡುಗೆಮನೆಯಲ್ಲೂ ‘ಮೋಕಾ’ ಎಂಬ ಎಂಟು ಮುಖದ ಅಲ್ಯೂಮಿನಿಯಂ ಪಾತ್ರೆ. 1933ರಲ್ಲಿ ಬಿಯಲೆತ್ತಿಯವರ ಕಾರ್ಖಾನೆಯಿಂದ ಹೊರಬಂದದ್ದು. ನಮ್ಮ ಡಿಕಾಕ್ಷನ್ ಮೇಲಿನಿಂದ ಕೆಳಗೆ ಹನಿಹನಿಯಾಗಿ ಇಳಿಯುತ್ತದೆ. ಅವರದು ಆವಿಯ ಒತ್ತಡಕ್ಕೆ ಕೆಳಗಿನಿಂದ ಮೇಲಕ್ಕೆ ಗುಳುಗುಳು ಎಂದು ಏರುತ್ತದೆ.

ಅಡುಗೆಗೆ ಬಂದರೆ ಊರಿನ ಹಠ ಪೂರ್ತಿ ಕಾಣುತ್ತದೆ. ಹೊರದೇಶಗಳಲ್ಲಿ ಪ್ರಸಿದ್ಧವಾದ ‘ಸ್ಪಾಗೆಟ್ಟಿ ಬೊಲೊನೇಸ್’ ಎಂಬ ತಿನಿಸು ಬೊಲೋನ್ಯಾದವರಿಗೆ ಸೇರಿದ್ದಲ್ಲ. ಅವರ ಮಾಂಸದ ಸಾರು ಬೀಳುವುದು ಮೊಟ್ಟೆ ಹಾಕಿ ನಾದಿ, ಲಟ್ಟಿಸಿ, ಪಟ್ಟಿ ಪಟ್ಟಿಯಾಗಿ ಕೊಯ್ದ ತಾಲ್ಯತೆಲ್ಲೆ ಮೇಲೆ. ಆ ಪಟ್ಟಿ ಬೆಂದ ಮೇಲೆ 8 ಮಿಲಿಮೀಟರ್ ಅಗಲ ಇರಬೇಕು ಎಂದು 1972ರಲ್ಲಿ ಊರಿನ ವಾಣಿಜ್ಯ ಮಂಡಳಿಯಲ್ಲಿ ಚಿನ್ನದ ಮಾದರಿಯೊಂದನ್ನು ಮಾಡಿ ಇಟ್ಟಿದ್ದಾರೆ. ಊರಿನ ಹಳೆಯ ಆಸಿನೆಲ್ಲಿ ಗೋಪುರದ ಎತ್ತರವನ್ನು 12,270 ಪಾಲು ಮಾಡಿದರೆ ಒಂದು ಪಾಲು ಎಷ್ಟೋ ಅಷ್ಟು ಅಗಲ ಎಂದು ಅದಕ್ಕೊಂದು ಲೆಕ್ಕ! ಊಟದ ಪಟ್ಟಿಯನ್ನೂ ಗೋಪುರದಿಂದಲೇ ಅಳೆಯುವ ಜನ.

ಸಿಸಿಲಿಯಲ್ಲಿ ಅನ್ನದ ಉಂಡೆಯೊಳಗೆ ಪಲ್ಯ ತುಂಬಿ ಕರಿದ ತಿನಿಸಿದೆ. ಕಿತ್ತಳೆಯ ಹೆಸರಿನಿಂದ ಬಂದ ಪದ. ಪಲೆರ್ಮೊದಲ್ಲಿ ಅದು ಹೆಣ್ಣು, ‘ಅರಂಚೀನಾ’, ಗುಂಡಗಿರುತ್ತದೆ. ದ್ವೀಪದ ಇನ್ನೊಂದು ತುದಿಯ ಕತಾನಿಯಾದಲ್ಲಿ ಅದು ಗಂಡು, ‘ಅರಂಚೀನೊ’, ಎಟ್ನಾ ಜ್ವಾಲಾಮುಖಿಯಂತೆ ಚೂಪಾಗಿರುತ್ತದೆ. ಡಿಸೆಂಬರ್ 13ರ ಸಂತ ಲೂಸಿಯಾ ಹಬ್ಬದಂದು ಪಲೆರ್ಮೊದವರು ಗೋಧಿಯ ರೊಟ್ಟಿ, ಪಾಸ್ತಾ ಮುಟ್ಟುವುದಿಲ್ಲ, ದಿನವಿಡೀ ಇದನ್ನೇ ತಿನ್ನುತ್ತಾರೆ. ಬರಗಾಲದಲ್ಲಿ ಆ ದಿನ ಧಾನ್ಯದ ಹಡಗು ಬಂತಂತೆ, ಹಿಟ್ಟು ಮಾಡುವಷ್ಟು ತಾಳ್ಮೆ ಇಲ್ಲದೆ ಜನ ಕಾಳನ್ನೇ ಬೇಯಿಸಿ ತಿಂದರಂತೆ. ಆ ನೆನಪಿಗೆ ಈ ವ್ರತ.

ಉತ್ತರದಲ್ಲಿ ಪೊ ನದಿಯ ಬಯಲಿನ ಗದ್ದೆಗಳಲ್ಲಿ ಭತ್ತ ಬೆಳೆಯುತ್ತಾರೆ ಎಂದರೆ ನಮ್ಮವರಿಗೆ ಅಚ್ಚರಿ. ಯೂರೋಪಿಯನ್ ಒಕ್ಕೂಟದಲ್ಲಿ ಅತಿ ಹೆಚ್ಚು ಅಕ್ಕಿ ಬೆಳೆಯುವುದು ಇಟಲಿಯೇ. ವೆರ್ಚೆಲ್ಲಿ, ನೊವಾರಾ ಸೀಮೆಯ ಕೆಸರಿನಲ್ಲಿ ಬಾಗಿ ಕಳೆ ಕೀಳುತ್ತಿದ್ದ ಹೆಂಗಸರ ಹಾಡುಗಳು ಆ ದೇಶದ ದುಡಿಮೆಗಾರರ ಚರಿತ್ರೆಯ ಭಾಗ. ಅದೇ ಉತ್ತರದ ಬಡವರ ಊಟ ‘ಪೊಲೆಂತಾ’, ಮೆಕ್ಕೆಜೋಳದ ಹಿಟ್ಟನ್ನು ಕುದಿನೀರಿಗೆ ಹಾಕಿ ಕೋಲಿನಿಂದ ತಿರುವಿದ ಮುದ್ದೆ. ತಿರುವುವ ಆ ಕೈ ನೋಡಿದರೆ ಮಂಡ್ಯದವರಿಗೆ ಮನೆ ನೆನಪಾಗುತ್ತದೆ. ಆದರೆ ರಾಗಿಮುದ್ದೆ ಮೈಗೆ ಕಸುವು ಕೊಟ್ಟಿತು, ಬರಿಯ ಪೊಲೆಂತಾ ತಿಂದವರಿಗೆ ಪೆಲ್ಲಾಗ್ರಾ ಎಂಬ ರೋಗ ಬಂತು. ಚರ್ಮ ಸುಲಿದು, ಬುದ್ಧಿ ಕದಡಿ ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ರೈತರು ಸಾಲುಸಾಲಾಗಿ ಸತ್ತರು. ಮೆಕ್ಕೆಜೋಳವನ್ನು ಕಂಡುಕೊಂಡ ಮೆಕ್ಸಿಕೊದ ಜನ ಅದನ್ನು ಸುಣ್ಣದ ನೀರಿನಲ್ಲಿ ಬೇಯಿಸುತ್ತಿದ್ದರು. ಹಾಗೆ ಮಾಡಿದರೆ ಅದರೊಳಗಿನ ನಯಾಸಿನ್ ಮೈಗೆ ದಕ್ಕುತ್ತದೆ. ಬೀಜ ಸಮುದ್ರ ದಾಟಿತು, ಬೇಯಿಸುವ ವಿದ್ಯೆ ದಾಟಲಿಲ್ಲ.

ಊರೂರಿನ ಈ ಅಡುಗೆಗಳನ್ನು ಮೊದಲು ಒಂದು ಪುಸ್ತಕದೊಳಗೆ ತಂದವರು ಪೆಲ್ಲೆಗ್ರೀನೊ ಅರ್ತೂಸಿ. ರೇಷ್ಮೆ ವ್ಯಾಪಾರ ಮಾಡಿ ವಿಶ್ರಾಂತರಾಗಿದ್ದ ಅವರಿಗೆ ಆಗ ಎಪ್ಪತ್ತರ ಪ್ರಾಯ. ಪ್ರಕಾಶಕರು ಯಾರೂ ಒಪ್ಪದಿದ್ದಾಗ 1891ರಲ್ಲಿ ಫ್ಲಾರೆನ್ಸಿನಲ್ಲಿ ತಮ್ಮ ದುಡ್ಡಿನಲ್ಲೇ ಅಚ್ಚು ಹಾಕಿಸಿದರು. ಮೊದಲು 475 ಅಡುಗೆಗಳಿದ್ದವು. ಓದಿದ ಗೃಹಿಣಿಯರು ದೇಶದ ಮೂಲೆಮೂಲೆಯಿಂದ ಕಾಗದ ಬರೆದು ತಮ್ಮ ಮನೆಯ ವಿಧಾನ ಕಳಿಸಿದರು. ಒಂದೊಂದನ್ನೂ ಮಾಡಿಸಿ, ತಿಂದು ನೋಡಿ ಸೇರಿಸುತ್ತಾ ಹೋದ ಹಾಗೆ ಕೊನೆಗೆ 790 ಆದವು. ಬರೆದದ್ದು ಎಲ್ಲರಿಗೂ ತಿಳಿಯುವ ಸರಳ ಇಟಾಲಿಯನ್‌ನಲ್ಲಿ. ಹೀಗಾಗಿ ಸೊಸೆಯಂದಿರು ಅಡುಗೆಯ ಜೊತೆಗೆ ಭಾಷೆಯನ್ನೂ ಆ ಪುಸ್ತಕದಿಂದ ಕಲಿತರು. 1911ರಲ್ಲಿ ತೀರಿಕೊಳ್ಳುವಾಗ ಪುಸ್ತಕದ ಹಕ್ಕನ್ನು ಅವರು ಬರೆದುಕೊಟ್ಟದ್ದು ಆ ಅಡುಗೆಗಳನ್ನು ಒಲೆಯ ಮುಂದೆ ನಿಂತು ಮಾಡಿ ತೋರಿಸಿದ ತಮ್ಮ ಮನೆಯ ಅಡುಗೆಯವರಿಗೆ, ಮರಿಯೆತ್ತಾ ಮತ್ತು ಫ್ರಾಂಚೆಸ್ಕೊ ಅವರಿಗೆ.

ಹೋಟೆಲಿನಲ್ಲಿ ಕುಳಿತಾಗ ತಿಳಿದಿರಬೇಕಾದ್ದು ಸ್ವಲ್ಪ. ಪಾಸ್ತಾ ಅಥವಾ ಅನ್ನದ ‘ಪ್ರೀಮೊ’ ಮೊದಲು, ಮಾಂಸ ಮೀನಿನ ‘ಸೆಕೊಂದೊ’ ಆಮೇಲೆ, ಎಲ್ಲ ಒಂದೇ ತಟ್ಟೆಗೆ ಬರುವುದಿಲ್ಲ. ಒಂದನ್ನೇ ತರಿಸಿದರೂ ತಪ್ಪಿಲ್ಲ. ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲೆಗೆ ಒಂದೆರಡು ಯೂರೊ ಸೇರಿರುತ್ತದೆ, ಅದು ಬ್ರೆಡ್ಡಿಗೆ, ಮೇಜಿನ ಬಟ್ಟೆಗೆ. ಬೇರೆ ಟಿಪ್ಸ್ ಕೊಡಲೇಬೇಕೆಂಬ ಒತ್ತಾಯ ಇಲ್ಲ. ಸಸ್ಯಾಹಾರಿಗಳು ಹಸಿದಿರಬೇಕಾಗಿಲ್ಲ. ಟೊಮೆಟೊ, ಬದನೆ, ಹುರುಳಿಕಾಯಿ, ಬಗೆಬಗೆಯ ಸೊಪ್ಪು ಅಲ್ಲಿ ಊಟದ ಜೀವಾಳ. ಪಲೆರ್ಮೊದ ಬೀದಿಯ ‘ಪನೆಲ್ಲೆ’ ಕಡಲೆಹಿಟ್ಟಿನದೇ, ಜಿನೋವಾದ ‘ಫರಿನಾತಾ’ ಕೂಡ. ಆದರೆ ‘ಮಾಂಸ ಬೇಡ’ ಎಂದರೆ ಸಾಲದು. ಟೊಮೆಟೊ ಸಾರಿನಲ್ಲಿ ಸಣ್ಣ ಮೀನು ಕರಗಿರಬಹುದು, ಬೇಳೆಯಲ್ಲಿ ಹಂದಿಯ ಕೊಬ್ಬಿನ ಒಗ್ಗರಣೆ ಇರಬಹುದು. ‘ಸೆನ್ಸಾ ಕಾರ್ನೆ, ಸೆನ್ಸಾ ಪೆಶ್ಶೆ’, ಮಾಂಸವೂ ಇಲ್ಲದೆ ಮೀನೂ ಇಲ್ಲದೆ, ಎಂದು ಬಿಡಿಸಿ ಹೇಳಬೇಕು. ಕಟ್ಟುನಿಟ್ಟಿನವರಿಗೆ ಇನ್ನೂ ಒಂದು ಸಂಗತಿ. ಪಾರ್ಮಿಜಾನೊ ಚೀಸ್ ಮಾಡಲು ಹಾಲು ಒಡೆಸುವುದು ಎಳೆಗರುವಿನ ಹೊಟ್ಟೆಯಿಂದ ತೆಗೆದ ಕಿಣ್ವದಿಂದ, ಅದು ಅದರ ಕಾಯಿದೆಯಲ್ಲೇ ಇದೆ. ತಿಳಿದು ತಿನ್ನುವುದು, ಬಿಡುವುದು ಅವರವರಿಗೆ ಸೇರಿದ್ದು.

ನಮ್ಮವರು ಅಲ್ಲಿ ಎಡವುವುದು ಹೊತ್ತಿನ ವಿಷಯದಲ್ಲಿ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಸಣ್ಣ ಊರಿನ ಅಂಗಡಿಗಳು ಮುಚ್ಚುತ್ತವೆ, ಮತ್ತೆ ತೆರೆಯುವುದು ನಾಲ್ಕರ ಆಸುಪಾಸಿಗೆ. ಅನೇಕ ಚರ್ಚುಗಳೂ ಹಾಗೆಯೇ. ಊಟದ ಮನೆಗಳು ಮೂರರಿಂದ ಏಳರವರೆಗೆ ಒಲೆ ಹಚ್ಚುವುದಿಲ್ಲ, ರಾತ್ರಿಯೂಟ ಎಂಟಕ್ಕೆ ಮೊದಲು ಕಾವೇರುವುದಿಲ್ಲ. ಆಗಸ್ಟ್ 15 ‘ಫೆರ್ರಾಗೊಸ್ತೊ’. ಎರಡು ಸಾವಿರ ವರ್ಷಗಳ ಹಿಂದೆ ಅಗಸ್ಟಸ್ ಚಕ್ರವರ್ತಿ ದುಡಿಯುವವರಿಗೆ ಕೊಟ್ಟ ಬಿಡುವಿನ ಹೆಸರು ಅದು, ಈಗ ಮೇರಿಮಾತೆಯ ಹಬ್ಬ. ಅದರ ಹಿಂದೆ ಮುಂದೆ ಎರಡು ವಾರ ನಗರಗಳು ಕಡಲಿಗೂ ಬೆಟ್ಟಕ್ಕೂ ಹೊರಟುಹೋಗುತ್ತವೆ. ಅಂಗಡಿಯ ಬಾಗಿಲಲ್ಲಿ ‘ರಜೆ, ಮುಚ್ಚಿದೆ’ ಎಂಬ ಕೈಬರಹದ ಚೀಟಿ. ಇದನ್ನು ಸೋಮಾರಿತನ ಎಂದು ಬರೆದ ಯೂರೋಪಿನ ಉತ್ತರದ ಪ್ರವಾಸಿಗರು ಬಹಳ ಮಂದಿ. ನನಗೆ ಅದು ಸರಿ ಅನ್ನಿಸುವುದಿಲ್ಲ. ಮಧ್ಯಾಹ್ನ ಮುಚ್ಚಿದ ಆ ಅಂಗಡಿಯವರು ರಾತ್ರಿ ಎಂಟರವರೆಗೆ ನಿಂತಿರುತ್ತಾರೆ. ಬಿಸಿಲಿಗೆ ತಲೆಬಾಗಿದ ವೇಳಾಪಟ್ಟಿ ಅದು, ನಮ್ಮ ಬಯಲುಸೀಮೆಯ ಪೇಟೆಗಳಲ್ಲಿಯೂ ನಿನ್ನೆಮೊನ್ನೆಯವರೆಗೆ ಇದ್ದದ್ದೇ.

ಬಿಸಿಲು ಇಳಿದ ಮೇಲೆ ಊರು ಮತ್ತೆ ಹೊರಗೆ ಬರುತ್ತದೆ. ಇದಕ್ಕೆ ‘ಪಸ್ಸೆಜ್ಜಾತಾ’ ಎಂದು ಹೆಸರು. ಮಿಂದು, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಅಜ್ಜ ಮೊಮ್ಮಕ್ಕಳು, ಹೊಸ ಜೋಡಿಗಳು, ವಿಧವೆಯರು, ಎಲ್ಲರೂ ಮುಖ್ಯ ಬೀದಿಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತಾರೆ, ಮತ್ತೆ ಹಿಂತಿರುಗುತ್ತಾರೆ. ಎಲ್ಲಿಗೂ ಹೋಗಬೇಕಾಗಿಲ್ಲ. ಯಾರ ಮದುವೆ ಗೊತ್ತಾಯಿತು, ಯಾರ ಮನೆಗೆ ಮಿಲಾನಿನಿಂದ ಮಗ ಬಂದ, ಯಾರು ಎರಡು ದಿನದಿಂದ ಕಾಣಲಿಲ್ಲ ಎಂಬುದೆಲ್ಲ ಆ ಒಂದು ಗಂಟೆಯಲ್ಲಿ ತಿಳಿಯುತ್ತದೆ. ಚೆನ್ನಾಗಿ ಕಾಣಿಸಿಕೊಳ್ಳಬೇಕು, ಚೆನ್ನಾಗಿ ನಡೆದುಕೊಳ್ಳಬೇಕು ಎಂಬ ಅವರ ‘ಬೆಲ್ಲಾ ಫಿಗೂರಾ’ದ ಕಾಳಜಿ ಹುಟ್ಟುವುದೂ ಇಲ್ಲಿಯೇ. ನೋಡುವ ಕಣ್ಣುಗಳು ಪರಿಚಯದವು. ಪ್ರವಾಸಿಯಾದವರು ಕ್ಯಾಮೆರಾ ಒಳಗಿಟ್ಟು ಆ ನಡಿಗೆಯಲ್ಲಿ ಸೇರಿಕೊಂಡರೆ ಮ್ಯೂಸಿಯಂ ಟಿಕೆಟ್ಟಿಗೆ ಸಿಗದ್ದು ಸಿಗುತ್ತದೆ.

ಊರಿನೊಳಗೆ ಕೇರಿ ಇರುತ್ತದಲ್ಲ, ಅದರ ಅಭಿಮಾನ ಕುದಿಯುವುದನ್ನು ನೋಡಬೇಕಾದರೆ ಸಿಯೇನಾಕ್ಕೆ ಹೋಗಬೇಕು. ಆ ಊರು 17 ಕೇರಿಗಳಾಗಿ ಹಂಚಿಕೊಂಡಿದೆ. ಹೆಬ್ಬಾತು, ಬಸವನಹುಳು, ಆಮೆ, ಗೂಬೆ, ಕಂಬಳಿಹುಳು, ಜಿರಾಫೆ, ಅಲೆ, ಗೋಪುರ ಹೀಗೆ ಹೆಸರುಗಳು. ಪ್ರತಿ ಕೇರಿಗೂ ತನ್ನ ಬಾವುಟ, ತನ್ನ ಚರ್ಚು, ತನ್ನ ಮ್ಯೂಸಿಯಂ, ತನ್ನ ಚಿಲುಮೆ. ಮಗುವಿಗೆ ಚರ್ಚಿನಲ್ಲಿ ಒಂದು ದೀಕ್ಷಾಸ್ನಾನ, ಕೇರಿಯ ಚಿಲುಮೆಯಲ್ಲಿ ಇನ್ನೊಂದು. ಜುಲೈ 2 ಮತ್ತು ಆಗಸ್ಟ್ 16ರಂದು ಚಿಪ್ಪಿನಾಕಾರದ ದೊಡ್ಡ ಚೌಕದಲ್ಲಿ ಮಣ್ಣು ಹರಡಿ ‘ಪಾಲಿಯೊ’ ಎಂಬ ಕುದುರೆ ಓಟ ನಡೆಸುತ್ತಾರೆ. ಒಂದು ಓಟಕ್ಕೆ ಹತ್ತು ಕೇರಿ, ಮೂರು ಸುತ್ತು, ಜೀನಿಲ್ಲದ ಸವಾರಿ, ಒಂದೂವರೆ ನಿಮಿಷದೊಳಗೆ ಮುಗಿಯುತ್ತದೆ. ಕುದುರೆಯನ್ನು ಚೀಟಿ ಎತ್ತಿ ಕೊಡುತ್ತಾರೆ. ಓಟದ ದಿನ ಅದನ್ನು ಕೇರಿಯ ಚರ್ಚಿನೊಳಕ್ಕೇ ಕರೆದುಕೊಂಡು ಹೋಗಿ ಪಾದ್ರಿಗಳಿಂದ ಹರಸಿಸುತ್ತಾರೆ. ಸವಾರ ಬಿದ್ದರೂ ಕುದುರೆ ಒಂಟಿಯಾಗಿ ಗುರಿ ಮುಟ್ಟಿದರೆ ಗೆಲುವು ಗೆಲುವೇ. ಗೆದ್ದವರಿಗೆ ಸಿಗುವುದು ಚಿತ್ರ ಬರೆದ ಒಂದು ರೇಷ್ಮೆ ಪಟ. ಎರಡನೆಯ ಸ್ಥಾನಕ್ಕೆ ಬಂದವರೇ ನಿಜವಾಗಿ ಸೋತವರು, ಏಕೆಂದರೆ ಕೈಗೆ ಬಂದದ್ದನ್ನು ಬಿಟ್ಟರು. ಬಹಳ ವರ್ಷಗಳಿಂದ ಗೆಲ್ಲದ ಕೇರಿಯನ್ನು ‘ಅಜ್ಜಿ’ ಎಂದು ಕರೆಯುತ್ತಾರೆ. ಕಂಬಳದ ಗದ್ದೆಯ ಅಂಚಿನಲ್ಲಿ ನಿಂತು ಕೂಗಿದವರಿಗೆ ಆ ಚೌಕದಲ್ಲಿ ಅನುವಾದಕರು ಬೇಕಾಗುವುದಿಲ್ಲ. ಕುದುರೆಗಳು ಬಿದ್ದು ಸಾಯುವುದರಿಂದ ಪ್ರಾಣಿದಯೆಯವರ ವಿರೋಧವೂ ಇದೆ, ಆ ಮಾತಿನಲ್ಲಿ ಹುರುಳೂ ಇದೆ. ಅಪಾಯದ ತಿರುವಿನಲ್ಲಿ ಈಗ ಗೋಡೆಗೆ ಮೆತ್ತೆ ಕಟ್ಟುತ್ತಾರೆ.

ಊರಿಗೊಬ್ಬ ಸಂತ, ಸಂತನ ಹಬ್ಬಕ್ಕೆ ಊರಿಗೆ ರಜೆ. ಮಿಲಾನಿಗೆ ಡಿಸೆಂಬರ್ 7, ಅದೇ ಸಂಜೆ ಲಾ ಸ್ಕಾಲಾ ರಂಗಮಂದಿರದಲ್ಲಿ ವರ್ಷದ ಸಂಗೀತನಾಟಕಗಳ ಆರಂಭ. ಫ್ಲಾರೆನ್ಸಿಗೆ ಜೂನ್ 24, ರೋಮಿಗೆ ಜೂನ್ 29, ನೇಪಲ್ಸಿಗೆ ಸೆಪ್ಟೆಂಬರ್ 19. ಅಂದು ಪಕ್ಕದೂರಿನಲ್ಲಿ ಕಚೇರಿ ತೆರೆದಿರುತ್ತದೆ, ಇಲ್ಲಿ ಬೀಗ. ಪ್ರವಾಸದ ದಿನ ಗೊತ್ತು ಮಾಡುವ ಮೊದಲು ಇದನ್ನು ನೋಡಿಕೊಳ್ಳುವುದು ಒಳ್ಳೆಯದು. ಚರ್ಚಿನಲ್ಲಿ ಚಪ್ಪಲಿ ಬಿಡಬೇಕಾಗಿಲ್ಲ, ಆದರೆ ಭುಜ, ಮೊಣಕಾಲು ಮುಚ್ಚಿರಬೇಕು.

ಇಷ್ಟೆಲ್ಲ ಹೇಳಿ ಊರಿನ ಇನ್ನೊಂದು ಮುಖ ಹೇಳದಿದ್ದರೆ ಅನ್ಯಾಯವಾಗುತ್ತದೆ. ಊರನ್ನು ಇಷ್ಟು ಹಚ್ಚಿಕೊಂಡ ಜನ ಊರು ಬಿಟ್ಟಷ್ಟು ಯೂರೋಪಿನಲ್ಲಿ ಬಿಟ್ಟವರು ಕಡಿಮೆ. 1876ರಿಂದ ನೂರು ವರ್ಷಗಳಲ್ಲಿ ಸುಮಾರು 2.6 ಕೋಟಿ ಮಂದಿ ಅರ್ಜೆಂಟೀನಾ, ಬ್ರೆಜಿಲ್, ಅಮೆರಿಕ, ಜರ್ಮನಿ, ಬೆಲ್ಜಿಯಂ ಎಂದು ಹೊರಟರು. ದಕ್ಷಿಣದ ಮತೇರಾದಲ್ಲಿ ಜನ ಕಲ್ಲು ಕೊರೆದ ಗುಹೆಗಳಲ್ಲಿ ಕತ್ತೆ, ಕೋಳಿ, ಮಕ್ಕಳೊಂದಿಗೆ ಒಂದೇ ಕೋಣೆಯಲ್ಲಿ ಬದುಕುತ್ತಿದ್ದರು. ಮುಸೊಲಿನಿಯ ಸರ್ಕಾರ 1935ರಲ್ಲಿ ಆ ಸೀಮೆಗೆ ಗಡೀಪಾರು ಮಾಡಿದ್ದ ಕಾರ್ಲೊ ಲೇವಿ ಎಂಬ ವೈದ್ಯ ಮತ್ತು ಚಿತ್ರಕಾರ ಬರೆದ ಪುಸ್ತಕ 1945ರಲ್ಲಿ ಹೊರಬಂದ ಮೇಲೆ ದೇಶಕ್ಕೆ ನಾಚಿಕೆಯಾಯಿತು. 1952ರಲ್ಲಿ ಕಾನೂನು ಮಾಡಿ ಗುಹೆಗಳನ್ನು ಖಾಲಿ ಮಾಡಿಸಿದರು. 1993ರಲ್ಲಿ ಅದೇ ಗುಹೆಗಳು ವಿಶ್ವಪರಂಪರೆಯ ಪಟ್ಟಿ ಸೇರಿದವು, ಈಗ ಅವುಗಳಲ್ಲಿ ಐಷಾರಾಮಿ ಹೋಟೆಲುಗಳಿವೆ. ಅಲ್ಲಿ ತಂಗುವವರು ಆ ಗೋಡೆಗಳ ಕಥೆ ಓದಿ ಮಲಗಬೇಕೆಂದು ನನ್ನ ಆಸೆ.

ಈಗ ಹುಟ್ಟುವ ಮಕ್ಕಳೂ ಕಡಿಮೆ. 2023ರಲ್ಲಿ ಇಡೀ ದೇಶದಲ್ಲಿ ಹುಟ್ಟಿದ್ದು ನಾಲ್ಕು ಲಕ್ಷಕ್ಕಿಂತ ಕಡಿಮೆ. ಬಾಗಿಲು ಮುಚ್ಚಿದ ಮನೆಗಳನ್ನು ಕೆಲವು ಊರಿನವರು ಒಂದು ಯೂರೊಗೆ ಮಾರುತ್ತಿದ್ದಾರೆ, ರಿಪೇರಿ ಮಾಡಿಸಿ ಯಾರಾದರೂ ದೀಪ ಹಚ್ಚಲಿ ಎಂದು. ವೆನಿಸ್ಸಿನ ಹಳೆಯ ನಗರದಲ್ಲಿ 1950ರ ದಶಕದ ಆರಂಭದಲ್ಲಿ ಸುಮಾರು 1.75 ಲಕ್ಷ ಜನ ವಾಸವಿದ್ದರು, ಈಗ 50 ಸಾವಿರಕ್ಕಿಂತ ಕಡಿಮೆ. ಮನೆಗಳೆಲ್ಲ ಪ್ರವಾಸಿಗರ ಕೋಣೆಗಳಾಗಿವೆ. ಒಂದು ದಿನದ ಮಟ್ಟಿಗೆ ಬಂದುಹೋಗುವವರಿಗೆ ದಟ್ಟಣೆಯ ದಿನಗಳಲ್ಲಿ ಪ್ರವೇಶ ಶುಲ್ಕ ಹಾಕುವುದನ್ನು 2024ರ ಏಪ್ರಿಲ್ 25ರಿಂದ ಶುರುಮಾಡಿದರು. ಹೊರಟವರ ಜಾಗಕ್ಕೆ ಹೊರಗಿನವರು ಬಂದಿದ್ದಾರೆ. ಅಜ್ಜ ಅಜ್ಜಿಯರನ್ನು ನೋಡಿಕೊಳ್ಳುವವರು ರೊಮೇನಿಯಾ, ಉಕ್ರೇನಿನ ಹೆಂಗಸರು. ಪೊ ಬಯಲಿನ ಕೊಟ್ಟಿಗೆಗಳಲ್ಲಿ ಹಾಲು ಕರೆಯುವವರಲ್ಲಿ ಪಂಜಾಬಿನ ಸಿಖ್ಖರು ಬಹಳ. ಹೆಸರಾಂತ ಪಾರ್ಮಿಜಾನೊ ಚೀಸಿನ ಹಿಂದೆ ಅವರ ನಸುಕಿನ ದುಡಿಮೆ ಇದೆ. ರೋಮಿನ ದಕ್ಷಿಣದ ತೋಟಗಳಲ್ಲಿ ಮಾತ್ರ ಭಾರತೀಯರ ಪಾಡು ಕಷ್ಟದ್ದು. 2024ರ ಜೂನ್‌ನಲ್ಲಿ ಲಾಟಿನಾ ಸೀಮೆಯಲ್ಲಿ ಯಂತ್ರಕ್ಕೆ ಸಿಕ್ಕಿ ತೋಳು ಕಳೆದುಕೊಂಡ ಪಂಜಾಬಿ ಕೂಲಿಯೊಬ್ಬರನ್ನು ಆಸ್ಪತ್ರೆಗೆ ಒಯ್ಯದೆ ಮನೆಯ ಮುಂದೆ ಇಳಿಸಿ ಹೋದರು. ಅವರು ಉಳಿಯಲಿಲ್ಲ. ಆ ಸುದ್ದಿಗೆ ಇಟಲಿಯ ಬೀದಿಗಳಲ್ಲಿ ಮೆರವಣಿಗೆಗಳು ನಡೆದವು.

ಇಟಲಿಯ ಊರುಗಳಿಂದ ನಮ್ಮ ಕಡೆಗೂ ಜನ ಬಂದಿದ್ದಾರೆ. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆ ಮಾಡುಗಳನ್ನು 1899ರಿಂದ 1901ರವರೆಗೆ ಚಿತ್ರಗಳಿಂದ ತುಂಬಿದ ಅಂತೋನಿಯೊ ಮೊಸ್ಕೇನಿ ಬೆರ್ಗಮೊ ಬಳಿಯ ಸ್ತೆಜ್ಜಾನೊ ಎಂಬ ಸಣ್ಣ ಊರಿನವರು. ತಮ್ಮ ಊರಿನ ಗೋಪುರವನ್ನು ಅವರು ಮತ್ತೆ ನೋಡಲಿಲ್ಲ, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಅವರಿಗಿಂತ ಬಹಳ ಮೊದಲು, 1623ರಲ್ಲಿ, ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಇಕ್ಕೇರಿಗೆ ಬಂದಿದ್ದ. ವೆಂಕಟಪ್ಪ ನಾಯಕನ ಆಸ್ಥಾನ ಕಂಡ, ಗುಡಿಯ ಜಗುಲಿಯಲ್ಲಿ ಹುಡುಗರು ಮರಳ ಮೇಲೆ ಬೆರಳಿನಿಂದ ಬರೆಯುತ್ತಾ ರಾಗವಾಗಿ ಲೆಕ್ಕ ಕಲಿಯುವುದನ್ನು ನಿಂತು ನೋಡಿ ಊರಿಗೆ ಕಾಗದ ಬರೆದ. ಆಗಲೇ ಅವನು ಹೆಂಡತಿಯನ್ನು ಕಳೆದುಕೊಂಡಿದ್ದ. ಬಾಗ್ದಾದಿನಲ್ಲಿ ಮದುವೆಯಾದ ಸಿತ್ತಿ ಮಾನಿ 1621ರ ಕೊನೆಯಲ್ಲಿ ಪರ್ಷಿಯಾದಲ್ಲಿ ಜ್ವರ ಬಂದು ಸತ್ತಿದ್ದಳು. ಅಪರಿಚಿತ ನೆಲದಲ್ಲಿ ಬಿಟ್ಟುಹೋಗಲು ಅವನಿಗೆ ಮನಸ್ಸಾಗಲಿಲ್ಲ. ಶವಕ್ಕೆ ಕೆಡದಂತೆ ಕರ್ಪೂರ ತುಂಬಿಸಿ, ಸಾಮಾನಿನ ನಡುವೆ ಇರಿಸಿಕೊಂಡು, ಭಾರತಕ್ಕೂ ತಂದು, ಮತ್ತೆ ಮರುಭೂಮಿ ಸಮುದ್ರ ದಾಟಿ 1626ರಲ್ಲಿ ಊರು ಮುಟ್ಟಿದ. ಮರುವರ್ಷ ತನ್ನ ಮನೆತನದವರ ಸಮಾಧಿಯಲ್ಲಿ ಅವಳನ್ನು ಇಟ್ಟ. ರೋಮಿನಲ್ಲಿ ಕ್ಯಾಪಿಟೊಲಿನ್ ಗುಡ್ಡದ ಮೇಲೆ ಸಾಂತಾ ಮರಿಯಾ ಇನ್ ಅರಾಚೇಲಿ ಎಂಬ ಚರ್ಚಿದೆ. ಕೆಳಗಿನ ಬೀದಿಯಿಂದ ಅದಕ್ಕೆ 124 ಅಮೃತಶಿಲೆಯ ಮೆಟ್ಟಿಲು. ಹತ್ತಿ ಒಳಗೆ ಹೋದರೆ, ಅವಳೂ ಅವನೂ ಅಲ್ಲಿಯೇ ಇದ್ದಾರೆ.